ಎಣ್ಣೆ ನೀರು ಹಾಕಿದ ಚಿಗರಿ ಮರಿ

ಮರಿಯನ್ನು ಮೊದಲು ಎತ್ತಿಕೊಂಡದ್ದು ತಾನು ಎಂದು ನನ್ನ ತಮ್ಮ ಹೇಳುತ್ತಾನೆ. ನಾನು ಎಂದು ನಾನು ಹೇಳುತ್ತೇನೆ. ಇಬ್ಬರಿಗೂ ಮೊಮ್ಮಕ್ಕಳಾದರೂ ಈ ಜಗಳ ಮುಗಿದಿಲ್ಲ. ಅವನ ನೆನಪಿನಲ್ಲಿ ಅದು ಬೆಚ್ಚಗಿತ್ತು, ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ನನ್ನ ನೆನಪಿನಲ್ಲಿ ಅದಕ್ಕೆ ತೂಕವೇ ಇರಲಿಲ್ಲ. ಬಿಸಿಲಲ್ಲಿ ಒಣಗಿದ ಬಟ್ಟೆಯನ್ನು ಮಡಚಿ ಎತ್ತಿಕೊಂಡ ಹಾಗೆ. ಇಬ್ಬರಲ್ಲಿ ಒಬ್ಬರು ಅದನ್ನು ಮುಟ್ಟಿಯೇ ಇರಲಿಲ್ಲ, ಇನ್ನೊಬ್ಬರ ಕೈಯ ನೆನಪನ್ನು ತಮ್ಮದು ಮಾಡಿಕೊಂಡಿದ್ದಾರೆ ಅನ್ನುವುದೂ ಆಗಬಹುದು. ಒಂದು ವಿಷಯದಲ್ಲಿ ಮಾತ್ರ ಜಗಳವಿಲ್ಲ. ಅಮ್ಮ ಅದಕ್ಕೆ ಎಣ್ಣೆ ನೀರು ಹಾಕಿದಳು. ಅದನ್ನು ಇಬ್ಬರೂ ನೋಡಿದ್ದೇವೆ.

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮುಂದಿನ ಬೇಸಿಗೆಯಲ್ಲಿ ಅಪ್ಪನಿಗೆ ಅಲ್ಲಿಗೆ ವರ್ಗವಾಯಿತು. ಶಾಲೆಗಳ ತನಿಖೆ ಅವನ ಕೆಲಸ. ನಕಾಶೆಯಲ್ಲಿ ಒಂದೇ ರಾಜ್ಯ; ಆದರೆ ಅಜ್ಜಿ ಮೈಸೂರಿನ ನಮ್ಮ ಬೀದಿಯಲ್ಲಿ ಕೇಳಿದವರಿಗೆಲ್ಲ ‘ಮಗಳು ಪರದೇಶಕ್ಕೆ ಹೋಗಿದ್ದಾಳೆ’ ಎಂದೇ ಹೇಳುತ್ತಿದ್ದಳಂತೆ. ಗಾಡಿ ಬದಲಿಸಿ, ಮತ್ತೆ ಬದಲಿಸಿ, ಮಸಿ ಮೆತ್ತಿದ ಮುಖ ಹೊತ್ತು ನಾವು ಇಳಿದಾಗ ಊರು ಕೆಂಪಗಿತ್ತು. ನೆಲ ಕೆಂಪು, ಗೋಡೆ ಕೆಂಪು, ಬಾವಿಯ ಕಲ್ಲು ಕೆಂಪು. ಟಾಂಗಾದವನು ಅಪ್ಪನೊಡನೆ ಆಡಿದ ಮಾತು ಕನ್ನಡವೆಂದು ನನಗೆ ಅರ್ಧ ದಾರಿ ಕಳೆದ ಮೇಲೆ ಗೊತ್ತಾಯಿತು.

ಅಮ್ಮ ಆಗ ಬಸುರಿ. ಬಾಣಂತನಕ್ಕೆ ತವರಿಗೆ ಹೋಗಬೇಕಾಗಿತ್ತು, ಆ ಸ್ಥಿತಿಯಲ್ಲಿ ಮತ್ತೆ ಅಷ್ಟು ದೂರದ ರೈಲು ಬೇಡವೆಂದು ಎಲ್ಲರೂ ಹೇಳಿದರು. ಇದು ಅಜ್ಜಿಗೆ ಮೊದಲೇ ತಿಳಿದಿತ್ತೇನೋ, ಒಂದು ತಗಡಿನ ಪೆಟ್ಟಿಗೆ ತುಂಬಿ ಕಳಿಸಿದ್ದಳು. ಹರಳೆಣ್ಣೆ, ಸಾಂಬ್ರಾಣಿ, ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ, ತನ್ನ ಹಳೆಯ ಸೀರೆಗಳನ್ನು ಹರಿದು ಮಾಡಿದ ಮೆತ್ತನೆಯ ಬಟ್ಟೆಗಳು. ಮಳೆಗಾಲದಲ್ಲಿ ಮಗು ಹುಟ್ಟಿತು. ಉಳಿಯಲಿಲ್ಲ. ಆ ದಿನಗಳಲ್ಲಿ ನಮ್ಮಿಬ್ಬರನ್ನು ಮನೆಯ ಒಡತಿಯ ಅಂಗಳದಲ್ಲಿ ಇಟ್ಟಿದ್ದರು. ಆಕೆಯನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು, ಅಂಗಳದ ಆಚೆ ಬದಿಯ ಕೋಣೆಗಳಲ್ಲಿ ಇರುತ್ತಿದ್ದಳು. ಆಕೆ ನಮಗೆ ಬಿಸಿ ರೊಟ್ಟಿಯ ಮೇಲೆ ಬೆಲ್ಲ ಇಟ್ಟುಕೊಟ್ಟು, ನಮ್ಮ ಮನೆಯ ಬಾಗಿಲ ಕಡೆ ನೋಡದ ಹಾಗೆ ತಾನು ಅಡ್ಡ ಕೂರುತ್ತಿದ್ದಳು. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ನಮಗೆ ಯಾರೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು.

ಆಮೇಲಿನ ಅಮ್ಮ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ನಮ್ಮ ತಲೆ ಬಾಚುತ್ತಿದ್ದಳು. ಅಷ್ಟೇ. ನೀರಿನೊಳಗಿಂದ ಮಾತಾಡುವವರ ಹಾಗೆ.

ನಮಗೆ ಮಾತ್ರ ಬೀದರ್ ಪ್ರಾಣಿಗಳ ಊರಾಗಿತ್ತು. ಮೈಸೂರಿನಲ್ಲಿ ಪ್ರಾಣಿಗಳು ಕಂಬಿಯ ಹಿಂದೆ ಇರುತ್ತಿದ್ದವು, ಟಿಕೆಟ್ ಕೊಂಡು ನೋಡಬೇಕಿತ್ತು. ಇಲ್ಲಿ ಕೋಟೆಗೋಡೆಯ ಬಿರುಕಿನಿಂದ ಗಿಳಿಗಳು ತಲೆ ಹೊರಗೆ ಹಾಕಿ ನಮ್ಮನ್ನು ನೋಡುತ್ತಿದ್ದವು. ಸಂಜೆ ಪಾಳು ಗುಮ್ಮಟದ ಬಾಯಿಂದ ಬಾವಲಿಗಳು ಹೊಗೆಯ ಹಾಗೆ ಏಳುತ್ತಿದ್ದವು. ಹಿತ್ತಿಲಿನ ಗೋಡೆಯ ಮೇಲೆ ಒಂದು ಉಡ ದಿನವೂ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ತಮ್ಮ ಅದಕ್ಕೆ ಶಾಲೆಯಲ್ಲಿ ಕಲಿತ ಮಗ್ಗಿ ಒಪ್ಪಿಸುತ್ತಿದ್ದ. ಯಾರೂ ಕಾಯದ, ಯಾರೂ ಅನ್ನ ಹಾಕದ ಇಷ್ಟು ಪ್ರಾಣಿಗಳನ್ನು ಕಂಡು ನಮಗೆ ಒಳಗೊಳಗೇ ಒಂದು ಸಂಕಟ. ಮೃಗಾಲಯದ ಊರಿನ ಮಕ್ಕಳು ನಾವು. ಒಂಟಿಯಾಗಿ ಕಂಡ ಪ್ರಾಣಿ ಎಲ್ಲಿಂದಲೋ ತಪ್ಪಿಸಿಕೊಂಡು ಬಂದದ್ದೇ ಇರಬೇಕು, ಯಾರಾದರೂ ಅದನ್ನು ಒಳಗೆ ಸೇರಿಸಬೇಕು ಎಂದು ತಿಳಿದಿದ್ದೆವು.

ಚಳಿಗಾಲದಲ್ಲಿ ಅಪ್ಪನ ಕಚೇರಿಯ ಜವಾನ ಬಂದು ಬಾಗಿಲಲ್ಲಿ ನಿಂತ. ಬೀದರಿನ ಕಡೆ ಎಳ್ಳ ಅಮಾವಾಸ್ಯೆಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಇಡೀ ಊರು ಹೊಲಕ್ಕೆ ಹೋಗುತ್ತದೆ, ಹೊಲವಿಲ್ಲದವರು ಇದ್ದವರ ಹೊಲಕ್ಕೆ. ಅವನಿಗೆ ಮೈಲೂರ ದಾಟಿ ಭಾಲ್ಕಿಯ ರಸ್ತೆಯಲ್ಲಿ ಸ್ವಲ್ಪ ಹೊಲವಿತ್ತು.

“ಅಕ್ಕೋರೆ, ನೀವು ಬರ್ಲಿಲ್ಲಂದ್ರ ನಮ್ಮಾಕಿ ನನಗ ಮನಿಯಾಗ ಕರ್ಕೊಳ್ಳಲ್ಲರಿ. ಭಜ್ಜಿ ಒಂದ ಹಂಡೆ ಮಾಡ್ಲತ್ತಾಳ,” ಎಂದ.

“ನನಗೆ ಹುಷಾರಿಲ್ಲಪ್ಪ,” ಎಂದಳು ಅಮ್ಮ.

“ಹೊಲಕ್ಕ ಬಂದ್ರ ಆಗ್ತದ್ರಿ. ಹುಷಾರಿಲ್ಲದವ್ರಿಗೇ ಹೊಲ ಇರ್ತದ.”

ಅಪ್ಪ ನಕ್ಕ. ಅಮ್ಮ ನಗಲಿಲ್ಲ, ಆದರೆ ಬೆಳಿಗ್ಗೆ ಎದ್ದು ಹುಳಿಯನ್ನ ಕಲಸಿ ಡಬ್ಬಿಗೆ ತುಂಬಿ, ದೊಡ್ಡ ಬೆತ್ತದ ಬುಟ್ಟಿಯಲ್ಲಿ ಇಟ್ಟು, ಮೇಲೆ ತನ್ನ ಶಾಲು ಮುಚ್ಚಿದಳು.

ಕೆಂಪು ನೆಲ ಮುಗಿದು ಕರಿ ನೆಲ ಶುರುವಾಗುವಲ್ಲಿ ಆ ಹೊಲ. ದೂರದಲ್ಲಿ ಬೀದರಿನ ಗುಮ್ಮಟಗಳು ಮಂಜಿನ ಮೇಲೆ, ಬುಡವಿಲ್ಲದೆ ನಿಂತಿದ್ದವು. ಜೋಳದ ದಂಟುಗಳನ್ನು ಕಟ್ಟಿ ಒಂದು ಪುಟ್ಟ ಕೊಂಪಿ ಮಾಡಿ, ಒಳಗೆ ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದ್ದರು. ಜವಾನ ಅನ್ನ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಎಲ್ಲವನ್ನೂ ಒಂದು ತಟ್ಟೆಗೆ ಹಾಕಿಕೊಂಡು ಕೂಗುತ್ತಾ ಬೆಳೆಯ ನಡುವೆ ಓಡಿದ, ಹಿಡಿ ಹಿಡಿಯಾಗಿ ಎಸೆಯುತ್ತಾ. ಚರಗ ಎಂದರು. ಭೂಮಿಗೆ, ಹಕ್ಕಿಗೆ, ಇಲಿಗೆ, ಯಾರು ಬಂದರೆ ಅವರಿಗೆ. ತಮ್ಮ ಕೇಳಿದ, “ಹುಲಿ ಬಂದರೆ?” ಜವಾನನ ಹೆಂಡತಿ, ನಾವು ಕಾಕಿ ಎಂದು ಕರೆದವಳು, “ಬಂದ್ರ ನಿನಗೇ ಬಡಸ್ಲಿಕ್ಕ ಹಚ್ತೇನಿ ಮಗಾ,” ಎಂದಳು.

ಅಪ್ಪ ಉಂಡವನೇ ರಸ್ತೆಗೆ ನಡೆದ. ಭಾಲ್ಕಿಯ ಬಸ್ಸು ಹಿಡಿದು, ಅಲ್ಲಿ ಕೆಲಸ ಮುಗಿಸಿ ಔರಾದಿಗೆ ಹೋಗಿ, ವಾರ ಕಳೆದು ಬರುವವನಿದ್ದ. ಅವನು ಬಸ್ಸಿಗೆ ಕೈ ತೋರಿಸಿದ್ದು, ಬಸ್ಸಿನ ಧೂಳು, ಆ ಧೂಳು ಕರಗಿದ ಕಡೆಯೇ ಚಿಗರಿಗಳ, ನಮ್ಮ ಕಡೆ ಕೃಷ್ಣಮೃಗ ಎನ್ನುವ ಜಿಂಕೆಗಳ, ಹಿಂಡು ಕಂಡದ್ದು, ಇವೆಲ್ಲ ನನಗೆ ಒಂದೇ ಉಸಿರಿನಲ್ಲಿ ಬರುತ್ತವೆ. ಹಾಗೆ ಆಗಿರಲಿಕ್ಕಿಲ್ಲ. ಆದರೆ ಹಿಂಡು ಇತ್ತು. ತಿರುಚಿದ ಕೋಡಿನ ಕರಿ ಗಂಡುಗಳು, ಮಣ್ಣಿನ ಬಣ್ಣದ ಹೆಣ್ಣುಗಳು. ಒಂದು ನೆಗೆಯಿತು, ಯಾವ ಕಾರಣವೂ ಇಲ್ಲದೆ, ಎದುರಿಗೆ ಬೇಲಿಯೂ ಇಲ್ಲದೆ. ಹಿಂದೆಯೇ ಇನ್ನೊಂದು. ನೆಲ ಅವುಗಳನ್ನು ಒಂದೊಂದಾಗಿ ಮೇಲಕ್ಕೆ ಎಸೆದು ಹಿಡಿಯುತ್ತಿದ್ದ ಹಾಗೆ. ಆಮೇಲೆ ಏನೂ ಇರಲಿಲ್ಲ, ಬರೀ ಕುಸುಬಿಯ ಹೊಲ.

ಮಧ್ಯಾಹ್ನ ದೊಡ್ಡವರೆಲ್ಲ ಅಂಬಲಿ ಕುಡಿದು ನೆರಳಲ್ಲಿ ಒರಗಿದರು. ನಾವಿಬ್ಬರು ಹಿಂಡು ಹೋದ ಕಡೆ ನಡೆದೆವು. ಬದುವಿನ ಹುಲ್ಲಿನಲ್ಲಿ ಮರಿ ಮಲಗಿತ್ತು. ಕತ್ತನ್ನು ನೆಲಕ್ಕೆ ಒತ್ತಿ, ಕಿವಿ ಮಡಚಿ, ರೆಪ್ಪೆ ಬಡಿಯದೆ. ನಾವು ಬಗ್ಗಿದರೂ ಅಲ್ಲಾಡಲಿಲ್ಲ. ಅದರ ಕಣ್ಣಿನಲ್ಲಿ ನಮ್ಮಿಬ್ಬರ ತಲೆಗಳೂ ಆಕಾಶವೂ ಇದ್ದವು.

“ಇದರ ಅಮ್ಮ ಸತ್ತುಹೋಗಿದೆ,” ಎಂದ ತಮ್ಮ.

“ಇಲ್ಲ, ಮರೆತುಹೋಗಿದೆ,” ಎಂದೆ ನಾನು.

ತಾಯಿ ಚಿಗರಿ ತನ್ನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಹೋಗಿ ಮೇಯುತ್ತದೆ, ಹಾಲೂಡಿಸಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಮರಿ ಅಲ್ಲಾಡದೆ ಇರುವುದೇ ಅದರ ರಕ್ಷಣೆ ಎಂದು ಆ ಹೊಲದ ಯಾವ ಮಗುವಾದರೂ ಹೇಳುತ್ತಿತ್ತು. ನಾವು ಯಾರನ್ನೂ ಕೇಳಲಿಲ್ಲ. ಬುಟ್ಟಿ ಖಾಲಿಯಾಗಿತ್ತು, ಶಾಲು ಇತ್ತು.

ಜವಾನನ ಎತ್ತಿನ ಗಾಡಿಯಲ್ಲಿ ಬರುವಾಗ ಬುಟ್ಟಿ ಒಮ್ಮೆಯೂ ಸದ್ದು ಮಾಡಲಿಲ್ಲ. ಮನೆಗೆ ಬಂದು, ಗಾಡಿ ತಿರುಗಿ ಹೋದ ಮೇಲೆ, ಅಮ್ಮ ಡಬ್ಬಿ ತೊಳೆಯೋಣವೆಂದು ಶಾಲು ಸರಿಸಿದಳು. ಡಬ್ಬಿಯನ್ನು ನಾವು ಹೊಲದಲ್ಲೇ ಬಿಟ್ಟಿದ್ದೆವು.

ಬೈಯುತ್ತಾಳೆ ಎಂದು ಕಾದೆವು. ಅವಳು ಬುಟ್ಟಿಯ ಮುಂದೆ ಕೂತಳು. “ಯಾರೂ ಇರಲಿಲ್ವಾ ಹತ್ತಿರ?” ಎಂದು ಕೇಳಿದಳು.

“ಯಾರೂ ಇರಲಿಲ್ಲ. ಒಂದೇ ಬಿದ್ದಿತ್ತು.”

ಅಮ್ಮ ಎದ್ದು ಒಲೆ ಹಚ್ಚಿ ನೀರಿಟ್ಟಳು. ಆಮೇಲೆ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಳು. ಅದು ನೆಲಕ್ಕೆ ಉಜ್ಜಿದ ಸದ್ದಿಗೆ ನಾನು ತಮ್ಮನ ಕೈ ಹಿಡಿದೆ. ಅಥವಾ ಅವನು ನನ್ನದು.

ಬಚ್ಚಲಿನಲ್ಲಿ ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಕಾಲು ಚಾಚಿ ಕೂತು, ಮರಿಯನ್ನು ಕಾಲುಗಳ ಮೇಲೆ ಮಲಗಿಸಿಕೊಂಡಳು. ಎಳೆಮಕ್ಕಳಿಗೆ ನಮ್ಮ ಕಡೆ ನೀರು ಹಾಕುವುದೇ ಹಾಗೆ. ನೆತ್ತಿಗೆ ಹರಳೆಣ್ಣೆ ಒತ್ತಿದಳು. ಕಡ್ಡಿಯಂಥ ಕಾಲುಗಳನ್ನು ಒಂದೊಂದಾಗಿ ನೀವಿದಳು, ಮಗುವಿನ ಕೈಕಾಲು ಗಟ್ಟಿಯಾಗಲೆಂದು ನೀವುವ ಹಾಗೆ. ಕಡಲೆಹಿಟ್ಟು ಹಚ್ಚಿದಳು. ಬಿಸಿ ನೀರನ್ನು ತನ್ನ ಅಂಗೈಯ ಮೂಲಕ ಹರಿಸಿ ಬೆನ್ನಿಗೆ ಸುರಿದಳು. ಹಬೆಯಲ್ಲಿ ಅವಳ ಮುಖ ಕಂಡು ಮರೆಯಾಗುತ್ತಿತ್ತು. ಹಾಡುತ್ತಿದ್ದಳು ಎಂದು ತಮ್ಮ ಹೇಳುತ್ತಾನೆ. ನನಗೆ ಹಾಡು ನೆನಪಿಲ್ಲ, ನೀರಿನ ಸದ್ದು ಮಾತ್ರ ಇದೆ. ಅಜ್ಜಿಯ ಸೀರೆಯ ಬಟ್ಟೆಯಲ್ಲಿ ಒರೆಸಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಹೊಗೆಯ ಮೇಲೆ ಅದನ್ನು ಆಚೆ ಈಚೆ ಆಡಿಸಿ, ಕಾಡಿಗೆಯಲ್ಲಿ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಆಮೇಲೆ ನಮ್ಮ ಕಡೆ ನೋಡಿ, “ನೋಡ್ರೋ ಹೇಗಿದೆ!” ಎಂದಳು. ಮಳೆಗಾಲದಿಂದ ಕೇಳದೆ ಇದ್ದ ದನಿ ಅದು. ನಮಗೆ ಎಷ್ಟು ಖುಷಿಯಾಯಿತೆಂದರೆ, ಆ ಮರಿ ಒಳಲೆಯ ಹಾಲನ್ನು ಒಂದು ಹನಿಯೂ ನುಂಗಲಿಲ್ಲ ಅನ್ನುವುದು ಗಮನಕ್ಕೇ ಬರಲಿಲ್ಲ.

ಬೆಳಿಗ್ಗೆಗೆ ಗಮನಕ್ಕೆ ಬಂತು. ಹಾಲು ಬಾಯಿಯ ಬದಿಯಿಂದ ಇಳಿದು ಬಟ್ಟೆ ಒದ್ದೆಯಾಗಿತ್ತು. ಖಾಲಾ ಸಾಂಬ್ರಾಣಿಯ ವಾಸನೆ ಹಿಡಿದು ಬಂದಳು.

“ಯಾ ಅಲ್ಲಾ! ಹಿರನ್ ಕೆ ಬಚ್ಚೇ ಕು ನಹಲಾಯೇ?” ಎಂದು ಬಾಗಿಲಲ್ಲೇ ನಿಂತಳು. ಜಿಂಕೆಯ ಮರಿಗೆ ಸ್ನಾನ ಮಾಡಿಸುವವರನ್ನು ಆಕೆ ಕಂಡಿರಲಿಲ್ಲ. ಆಮೇಲೆ ಅಮ್ಮನಿಗೆ ತಿಳಿಯಲೆಂದು ತನ್ನ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: “ಇದರ ಮಾ ಅಲ್ಲೇ ಇರ್ತದ ಬೇಟಿ. ವಾಸನಿ ಮ್ಯಾಲ ಹುಡುಕ್ತದ. ಈಗ ಇದು ನಿಮ್ಮ ವಾಸನಿ ಆತು. ಹ್ಯಾಂಗ ಗುರ್ತ ಹಿಡೀತದ?”

“ಇದಕ್ಕೆ ಯಾರೂ ಇಲ್ಲ,” ಎಂದಳು ಅಮ್ಮ.

“ನಕ್ಕೋ ಬೇಟಿ. ಹಂಗ ಅನ್ನಬ್ಯಾಡ.”

“ಇದ್ದಿದ್ರೆ ಬಿಟ್ಟು ಹೋಗ್ತಿತ್ತಾ?”

ಖಾಲಾ ತೆರೆದ ಪೆಟ್ಟಿಗೆಯನ್ನು ನೋಡಿದಳು. ಮಳೆಗಾಲದಲ್ಲಿ, ನಾವು ನಿದ್ದೆಹೋದ ಮೇಲೆ, ಅಮ್ಮನ ತಲೆ ಹಿಡಿದು ಕೂತಿದ್ದವಳು ಆಕೆಯೇ. ಹೋಗಿ ತನ್ನ ಆಡಿನ ಹಾಲು ಕರೆದು ತಂದಿಟ್ಟಳು. ಮರಿ ಅದನ್ನು ಎರಡು ಗುಟುಕು ನುಂಗಿ ಬಿಟ್ಟಿತು. ಅಮ್ಮ ಅದನ್ನು ಮಡಿಲಿನಿಂದ ಇಳಿಸಲಿಲ್ಲ. ಅಡುಗೆ ಆಗಲಿಲ್ಲ. ತಮ್ಮ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, “ಇದು ಸತ್ತರೆ ಅಮ್ಮ ಏನಾಗ್ತಾಳೆ?” ಎಂದು ಕೇಳಿದ. ಈ ಪ್ರಶ್ನೆ ಅವನದು, ಇದರಲ್ಲಿ ನನಗೆ ಸಂಶಯವಿಲ್ಲ; ಏಕೆಂದರೆ ನನಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಕಿ ಬಂದಳು. ಹಸಿ ಕಡಲೆಗಿಡದ ಹೊರೆ ಮಾರಲು ಗಾಡಿಯಲ್ಲಿ ಪೇಟೆಗೆ ಬಂದವಳು ನಮ್ಮ ಡಬ್ಬಿ ಕೊಡಲು ಇತ್ತ ತಿರುಗಿದ್ದಳು. ಹೊಸ್ತಿಲಲ್ಲಿ ಕೂತು, ಒಳಗಿನ ಕತ್ತಲೆಗೆ ಕಣ್ಣು ಹೊಂದುವ ಮೊದಲೇ ಮಾತು ಶುರುಮಾಡಿದ್ದಳು.

“ಅಕ್ಕೋರೆ, ನಿಮ್ಮ ಹುಳಿಯನ್ನಕ್ಕ ನಮ್ಮಾಂವ ಡಬ್ಬಿ ನೆಕ್ಕ್ಯಾನ ನೋಡ್ರಿ. ಅಲ್ಲಾ, ಇವತ್ತೊಂದು ಆಶ್ಚರ್ಯ. ಒಂದ್ ಹೆಣ್ಣ ಚಿಗರಿ ಬದುವಿನ ಹಂತ್ಯಾಕ ನಿಂತದ. ನಿನ್ನಿ ಹೊತ್ತ ಮುಳುಗೋ ಮುಂದಿನಿಂದ ಅಲ್ಲೇ. ಹಿಂಡು ಹೋತು, ಇದು ಹೋಗ್ವಲ್ದು. ನಾಯಿ ಬೊಗಳಿದ್ರೂ ನಾಕ ಹೆಜ್ಜಿ ಓಡಿ ಮತ್ತ ಬಂದ ನಿಂದರ್ತದ. ಕೆಚ್ಚಲ ಬಿಗದು ಕಲ್ಲಾಗ್ಯದ್ರಿ. ಹಿಂದಿನ ಕಾಲ ಅಗಲ ಮಾಡಿ ನಿಂತದ, ನೋಯ್ತಿರಬೇಕ ಪಾಪ.”

ಆಗ ಅವಳಿಗೆ ಅಮ್ಮನ ಮಡಿಲು ಕಂಡಿತು. “ಅಯ್ಯ ಶಿವನೇ,” ಎಂದಳು.

ಅಮ್ಮನ ಒಂದು ಕೈ ಮರಿಯ ಮೇಲಿತ್ತು. ಇನ್ನೊಂದು ಕೈ ಸೆರಗಿನೊಳಗೆ ತನ್ನ ಎದೆಯನ್ನು ಒತ್ತಿ ಹಿಡಿದಿತ್ತು, ಎಲ್ಲೋ ಚುಚ್ಚಿದ ಹಾಗೆ. ನನಗೆ ಅದು ಅರ್ಥವಾಗಲಿಲ್ಲ. ಎಷ್ಟೋ ವರ್ಷ ಕಳೆದು, ನನ್ನ ಮೊದಲ ಮಗು ಹಾಲು ಕುಡಿಯದೆ ನಿದ್ದೆಹೋದ ಒಂದು ಮಧ್ಯಾಹ್ನ ನನ್ನ ಎದೆ ಕಲ್ಲಾದಾಗ ಆ ಕೈ ನೆನಪಾಯಿತು. ಮಗು ಹೋದರೂ ಹಾಲು ಕೂಡಲೇ ನಿಲ್ಲುವುದಿಲ್ಲ, ನಿಂತ ಮೇಲೂ ಎದೆ ಆ ನೋವನ್ನು ಮರೆಯುವುದಿಲ್ಲ. ಮಗು ಇಲ್ಲವೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

“ಗಾಡಿ ಇದೆಯಾ?” ಎಂದು ಕೇಳಿದಳು ಅಮ್ಮ.

“ಅದ ರೀ. ಆದ್ರ ಇದು ಗುಡಿ ನಾತ ನಾರ್ತದಲ್ಲಾ! ಇದಕ್ಕೇನು ಪೂಜಿ ಮಾಡೀರೇನ್?” ಕಾಕಿ ಬಗ್ಗಿ ಮೂಸಿದಳು, ಬೊಟ್ಟು ನೋಡಿದಳು, ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟಳು. ಅಮ್ಮನ ಮುಖ ನೋಡಿ ನಗು ನಿಂತಿತು.

“ಕುರಿಗಳಾಗ ತಾಯಿ ಮರಿ ಒಲ್ಲೆ ಅಂದ್ರ ತಾಯಿದೇ ಹಿಕ್ಕಿ, ಮಣ್ಣು ಮರಿಗಿ ಹಚ್ಚಿ ತಿಕ್ತಾರ್ರಿ. ಚಿಗರಿಗಿ ಆಗ್ತದೋ ಇಲ್ಲೋ, ನಮಗೇನ್ ಗೊತ್ತ? ಯಾರೂ ಮಾಡಿಲ್ಲ.”

ಗಾಡಿ ಮೈಲೂರ ದಾಟುವಾಗ ಅಮ್ಮ ಮರಿಯ ಕೆನ್ನೆಯ ಬೊಟ್ಟನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು. ಕಾಡಿಗೆ ಅಳಿಸದೆ ಹರಡಿತು.

ಹೊಲದಲ್ಲಿ ತಾಯಿ ಚಿಗರಿ ನಮ್ಮನ್ನು ಕಂಡು ತೊಗರಿಯ ಸಾಲಿನಾಚೆ ಸರಿಯಿತು. ಅದು ನಿಂತಿದ್ದ ಜಾಗದಲ್ಲಿ ನೆಲ ತುಳಿದು ನುಣ್ಣಗಾಗಿತ್ತು, ಹಿಕ್ಕೆಗಳು ಕರಿ ಮಣಿಗಳ ಹಾಗೆ ಬಿದ್ದಿದ್ದವು. ಕಾಕಿ ಬಗ್ಗಲು ಹೋದಳು. “ನಾನು ಮಾಡ್ತೀನಿ,” ಎಂದಳು ಅಮ್ಮ. ಮೈಸೂರಿನ ಮಡಿಯ ಅಮ್ಮ, ಬಾವಿಯ ಹಗ್ಗ ಯಾರು ಮುಟ್ಟಿದರೆಂದು ಕೇಳುತ್ತಿದ್ದ ಅಮ್ಮ, ಹಿಕ್ಕೆಗಳನ್ನು ಆರಿಸಿ ಅಂಗೈಯಲ್ಲಿ ಪುಡಿ ಮಾಡಿ, ಕರಿ ಮಣ್ಣಿನಲ್ಲಿ ಕಲಸಿ, ಮತ್ತೆ ಕಾಲು ಚಾಚಿ ಕೂತಳು. ಹಿಂದಿನ ಸಂಜೆ ಎಣ್ಣೆ ಒತ್ತಿದ ಕ್ರಮದಲ್ಲೇ ತಿಕ್ಕಿದಳು. ಮೊದಲು ನೆತ್ತಿ. ಆಮೇಲೆ ಬೆನ್ನು. ಕಾಲುಗಳು ಒಂದೊಂದಾಗಿ. ಬೊಟ್ಟಿನ ಮೇಲೆ ಎರಡು ಸಲ. ತಾನು ಮಾಡಿದ ಸ್ನಾನವನ್ನು ತಾನೇ ಹಿಂದಕ್ಕೆ ತೆಗೆದುಕೊಂಡಳು. ಮರಿಯನ್ನು ಹುಲ್ಲಿನಲ್ಲಿ ಮಲಗಿಸಿದಾಗ ಅದು ಕತ್ತನ್ನು ನೆಲಕ್ಕೆ ಒತ್ತಿ, ಮತ್ತೆ ಮೊದಲಿನ ಹಾಗೆ, ಕಣ್ಣಿಗೆ ಇಲ್ಲವಾಯಿತು.

ಕೊಂಪಿಯೊಳಗೆ ನಾವು ನಾಲ್ವರು ಒತ್ತಿ ಕೂತೆವು. ಜೋಳದ ದಂಟಿನ ಸಂದಿಯಿಂದ ಬಿಸಿಲು ಅಮ್ಮನ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಹೊತ್ತು ಹೋಯಿತೋ ನಿಂತಿತೋ ಹೇಳಲಾರೆ. ಗುಮ್ಮಟಗಳು ದೂರದಲ್ಲಿ ತೇಲುತ್ತಿದ್ದವು. ಒಮ್ಮೆ ಅಮ್ಮ, ಯಾರಿಗೂ ಅಲ್ಲ ಎಂಬಂತೆ, “ಬಾರೇ,” ಎಂದಳು.

ತಾಯಿ ಬಂತು. ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾ, ಗಾಳಿಯನ್ನು ಕುಡಿಯುತ್ತಾ. ಮರಿಯ ಹತ್ತಿರ ಮೂತಿ ತಂದು, ಚಟ್ಟನೆ ತಲೆ ಎತ್ತಿ, ಕಾಲು ನೆಲಕ್ಕೆ ಬಡಿದು, ತಿರುಗಿ ನಡೆಯಿತು. ಅಮ್ಮನ ಉಗುರು ನನ್ನ ತೋಳಿಗೆ ಇಳಿದದ್ದು ಆಗಲೇ ಇರಬೇಕು. ಕಾಕಿ ಕಣ್ಣು ಮುಚ್ಚಿದ್ದಳು. ತಾಯಿ ತೊಗರಿಯ ಸಾಲಿನವರೆಗೆ ಹೋಗಿ ಮತ್ತೆ ಬಂತು. ಮತ್ತೆ ಮೂಸಿತು. ಇಲ್ಲಿ ತಮ್ಮನ ಕತೆ ಬೇರೆ: ಅದು ಎರಡನೆಯ ಸಲಕ್ಕೇ ನೆಕ್ಕತೊಡಗಿತು ಎನ್ನುತ್ತಾನೆ. ನಾನು ಕಂಡದ್ದರಲ್ಲಿ ಮರಿಯೇ ಎದ್ದಿತು. ಎಲ್ಲ ಕಾಲುಗಳೂ ಬೇರೆ ಬೇರೆ ಕಡೆ ಹೋಗುತ್ತಾ ಎದ್ದು, ತಾಯಿಯ ಹೊಟ್ಟೆಯ ಕೆಳಗೆ ತಲೆ ನುಗ್ಗಿಸಿತು. ತಾಯಿ ಒದೆಯಿತು. ಮರಿ ಬಿತ್ತು, ಎದ್ದಿತು, ಮತ್ತೆ ನುಗ್ಗಿತು. ಈ ಸಲ ತಾಯಿ ಹಿಂಗಾಲನ್ನು ಎತ್ತಿತು. ಆ ಕಾಲು ಗಾಳಿಯಲ್ಲೇ ಇತ್ತು, ಒದೆಯಲೆಂದು. ಹಾಗೇ ನಿಧಾನವಾಗಿ ಕೆಳಗಿಳಿದು ನೆಲದ ಮೇಲೆ ನಿಂತಿತು.

ಮರಿಯ ಬಾಲ ಅಲ್ಲಾಡತೊಡಗಿತು.

ಹಾಲು ಮುಗಿಸಿ, ಬೆನ್ನು ನೆಕ್ಕಿಸಿಕೊಂಡು, ಅದು ತಾಯಿಯ ಹಿಂದೆ ತೊಗರಿಯೊಳಗೆ ಹೋಯಿತು. ಗಿಡಗಳು ಸ್ವಲ್ಪ ಹೊತ್ತು ಅಲುಗಿ ನಿಂತವು. ತಮ್ಮ ಚಪ್ಪಾಳೆ ತಟ್ಟಿದ. ಕಾಕಿ ಅವನ ತಲೆಗೆ ಮೊಟಕಿ ತಾನೇ ನಕ್ಕಳು. ಅಮ್ಮ ಹೊರಗೆ ಬಂದು ನಿಂತಳು. ಅವಳ ಕೈಗಳು ಮೊಣಕೈಯವರೆಗೆ ಕರಿ ಮಣ್ಣಾಗಿದ್ದವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಚಾಚಿಕೊಂಡಿದ್ದಳು.

ಕಾಕಿ ಮಣ್ಣಿನ ಕೊಡದಿಂದ ನೀರು ತಂದು, “ಹಿಡೀರಿ ಅಕ್ಕೋರೆ,” ಎಂದು ಸುರಿಯತೊಡಗಿದಳು. ಅಮ್ಮ ಬಗ್ಗಿ ಕೈ ಉಜ್ಜಿಕೊಳ್ಳುತ್ತಾ, ತಲೆ ಎತ್ತದೆ, ಹೇಳಿದಳು:

“ನಂದು ಹೆಣ್ಣಾಗಿತ್ತು. ಮೂರು ದಿನ ಇತ್ತು. ಕೂದಲು ಬೇಕಾದಷ್ಟಿತ್ತು.”

ನೀರು ಬೀಳುತ್ತಿತ್ತು, ಅಮ್ಮ ಮಾತಾಡುತ್ತಿದ್ದಳು, ಮೂಗು ಯಾರದೆಂದು, ಅದು ಅಳುತ್ತಿದ್ದುದು ಹೇಗೆಂದು, ನಾವು ಹುಟ್ಟಿದಾಗ ಹೀಗಿರಲಿಲ್ಲವೆಂದು. ನಾನು ತಮ್ಮನ ಕಡೆ ನೋಡಿದೆ. ಅವನು ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಕೈ ಯಾವಾಗಲೋ ಸ್ವಚ್ಛವಾಗಿತ್ತು. ಕಾಕಿ ಕೊಡವನ್ನು ಇನ್ನಷ್ಟು ಬಗ್ಗಿಸಿದಳು.